ಅಜ್ಜ ಬಿದ್ದಾಗ ನಾನ್ಯಾಕೆ ನಿಂತೇ ಇದ್ದೆ?

ಪ್ರಶ್ನೆ:
ಹೋದ ವಾರ ದಾವಣಗೆರೆ ಬಸ್ ಸ್ಟ್ಯಾಂಡಲ್ಲಿ ಹರಿಹರದ ಬಸ್ಸಿಗೆ ಕಾಯ್ತಿದ್ದೆ. ಮೆಟ್ಟಿಲ ಹತ್ರ ಒಬ್ಬ ಅಜ್ಜ ಕುಸಿದು ಬಿದ್ರು, ಹಣೆಯಿಂದ ರಕ್ತ. ಸುತ್ತ ಇಪ್ಪತ್ತು ಜನ ಇದ್ವಿ, ಯಾರೂ ಹತ್ರ ಹೋಗಲಿಲ್ಲ. ನನಗೆ ಎದೆ ಡವಡವ ಅಂತಿತ್ತು, ಕಾಲು ಮಾತ್ರ ಏಳಲಿಲ್ಲ. ಅಷ್ಟರಲ್ಲಿ ಹೂ ಮಾರೋ ಅಮ್ಮ ಓಡಿ ಬಂದು ಅಜ್ಜನ ತಲೆ ತೊಡೆ ಮೇಲಿಟ್ಕೊಂಡು, ನನ್ನ ಕಡೆ ಕೈ ತೋರಿಸಿ, "ಏ ಕೆಂಪಂಗಿ ತಮ್ಮಾ, ನೀರು ತಗಂಬಾ!" ಅಂದ್ರು. ತಕ್ಷಣ ಓಡಿದೆ. ಆಟೋ ಹಿಡಿದೆ, ಆಸ್ಪತ್ರೆಗೂ ಜೊತೆಗೆ ಹೋದೆ. ಅಜ್ಜ ಈಗ ಹುಷಾರಾಗಿದ್ದಾರೆ. ಆದರೆ ಸುಮ್ಮನೆ ನಿಂತಿದ್ದ ಆ ಎರಡು ನಿಮಿಷ ನನ್ನನ್ನ ಬಿಡ್ತಿಲ್ಲ. ನನ್ನಲ್ಲಿ ಕರುಣೆ ಇಲ್ವಾ? ಇಲ್ದಿದ್ರೆ ಆಮೇಲೆ ಓಡಿದ್ದು ಹೇಗೆ?

ಉತ್ತರ 1:
ನಾನು ಕಾಲೇಜಲ್ಲಿ ಮನಃಶಾಸ್ತ್ರ ಹೇಳಿಕೊಡ್ತೀನಿ. 1968ರಲ್ಲಿ ಡಾರ್ಲಿ ಮತ್ತು ಲತಾನೆ ಅನ್ನೋ ಮನಃಶಾಸ್ತ್ರಜ್ಞರು ನ್ಯೂಯಾರ್ಕಿನಲ್ಲಿ ವಿದ್ಯಾರ್ಥಿಗಳನ್ನ ಬೇರೆಬೇರೆ ಕೋಣೆಯಲ್ಲಿ ಕೂರಿಸಿ ಇಂಟರ್‌ಕಾಮಲ್ಲಿ ಮಾತಾಡಿಸಿದ್ರು. ನಡುವೆ ಒಬ್ಬನಿಗೆ ಫಿಟ್ಸ್ ಬಂದ ದನಿ. ಅದು ಮೊದಲೇ ಟೇಪ್ ಮಾಡಿದ್ದು. ಕೇಳ್ತಿರೋನು ನಾನೊಬ್ಬನೇ ಅಂದ್ಕೊಂಡವರಲ್ಲಿ ಶೇ. 85 ಮಂದಿ ಆ ದನಿ ನಿಲ್ಲೋದ್ರೊಳಗೆ ಎದ್ದು ಬಂದ್ರು. ಇನ್ನೂ ನಾಲ್ವರು ಕೇಳ್ತಿದ್ದಾರೆ ಅಂದ್ಕೊಂಡವರಲ್ಲಿ ಶೇ. 31 ಮಾತ್ರ. ಬಾರದೆ ಕೂತವರು ಕಲ್ಲುಮನಸ್ಸಿನವರಲ್ಲಪ್ಪಾ. ಎಷ್ಟೋ ಜನರ ಕೈ ನಡುಗ್ತಿತ್ತು, ಅಂಗೈ ಬೆವೆತಿತ್ತು, "ಅವನು ಹುಷಾರಾಗಿದ್ದಾನೆ ತಾನೆ?" ಅಂತ ಕೇಳಿದ್ರು. ನಿಮ್ಮ ಎದೆ ಹೊಡ್ಕೊಂಡಿದ್ದೂ ಅದೇ. ಹೊಣೆ ಇಪ್ಪತ್ತು ಪಾಲಾಗಿತ್ತು. ಆ ಅಮ್ಮ "ಕೆಂಪಂಗಿ" ಅಂದಾಗ ಪೂರ್ತಿ ನಿಮ್ಮ ಹೆಗಲಿಗೆ ಬಂತು.

ಉತ್ತರ 2:
ಇಪ್ಪತ್ತು ಜನ ಅಂದ್ರೆ ಕೆಟ್ಟದ್ದೇ ಅಂತ ನಾನು ಒಪ್ಪಲ್ಲ, ಉತ್ತರ 1ರ ಮೇಡಂ. ಆಮ್‌ಸ್ಟರ್‌ಡ್ಯಾಮ್, ಲಂಕಾಸ್ಟರ್, ಕೇಪ್‌ಟೌನ್ ಬೀದಿಗಳ 219 ಜಗಳಗಳ ಸಿಸಿಟಿವಿ ನೋಡಿದ ಅಧ್ಯಯನ 2019ರಲ್ಲಿ ಬಂತು. ಹತ್ತರಲ್ಲಿ ಒಂಬತ್ತು ಕಡೆ ಒಬ್ಬರಾದ್ರೂ ನಡುವೆ ಹೋಗಿದ್ರು. ಜನ ಹೆಚ್ಚಿದ್ದಷ್ಟೂ ಅಂಥವರೊಬ್ಬರು ಸಿಗೋದೂ ಹೆಚ್ಚು. ನಮ್ಮಲ್ಲಿ ಪೊಲೀಸ್ ಭಯವೂ ಸೇರ್ಕೊಳ್ಳುತ್ತೆ. ರಸ್ತೆ ಅಪಘಾತದಲ್ಲಿ ನೆರವಾದವರು ಹೆಸರು ಹೇಳಲೇಬೇಕಂತಿಲ್ಲ; ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಂ ಅಂಥವರಿಗೆ ರಕ್ಷಣೆ ಕೊಡುತ್ತೆ, ಹೆಸರಿನ ಮಾತು ಅದರಡಿ ಬಂದ ನಿಯಮದಲ್ಲಿದೆ.

ಪ್ರಶ್ನೆ ಕೇಳಿದವನು:
ಇಬ್ಬರಿಗೂ ನಮಸ್ಕಾರ. ಇವತ್ತು ಆ ಅಮ್ಮನ ಹತ್ರ ಒಂದು ಮೊಳ ಮಲ್ಲಿಗೆ ತಗೊಂಡು, ನಿಮಗೆ ಹೇಗೆ ಅಷ್ಟು ಬೇಗ ಓಡೋಕಾಯ್ತು ಅಂತ ಕೇಳಿದೆ. "ಅಜ್ಜ ಬೆಳಿಗ್ಗಿಂದ ಏನೂ ತಿಂದಿರ್ಲಿಲ್ಲ ತಮ್ಮಾ, ನಾನು ನೋಡ್ತಾನೇ ಇದ್ದೆ" ಅಂದ್ರು.