ರಜೆಗೆ ಮೊಮ್ಮಕ್ಕಳು ಬಂದರೆ ಬರೆಯೋದು ಯಾವಾಗ?

ತುಮಕೂರಿನವಳು ನಾನು, ವಯಸ್ಸು 68. ಶಾಲೆಯಿಂದ ನಿವೃತ್ತಿಯಾದ ಮೇಲೆ ಮಕ್ಕಳ ಕಥೆ ಬರೆಯಲು ಶುರು ಮಾಡಿದೆ. ಎರಡು ಪುಸ್ತಕ ಬಂದಿವೆ, ಮೂರನೆಯದು ಅರ್ಧಕ್ಕೆ ನಿಂತಿದೆ. ಏಪ್ರಿಲ್ 10 ದಾಟಿದರೆ ಸಾಕು, ಬೆಂಗಳೂರಿನಿಂದ, ಹಾಸನದಿಂದ ಐದು ಮೊಮ್ಮಕ್ಕಳು ಬಂದಿಳಿಯುತ್ತಾರೆ. ಮೇ ಕೊನೆವರೆಗೂ ಮನೆ ಸಂತೆ. ಯಾವಾಗ ಬರ್ತಾರೋ ಅಂತ ಕಾಯುವವಳೂ ನಾನೇ, ಬಂದ ಮೇಲೆ ಪುಸ್ತಕ ನಿಂತುಹೋಯಿತು ಅಂತ ಒಳಗೊಳಗೇ ಸಿಡಿಮಿಡಿ ಅನ್ನುವವಳೂ ನಾನೇ. ಮನೆಯಲ್ಲಿ ಹೇಳಿದರೆ, ‘ಈ ವಯಸ್ಸಲ್ಲಿ ಪುಸ್ತಕಕ್ಕೆ ಏನವಸರ’ ಅನ್ನುತ್ತಾರೆ. ಬರೆಯುವ ಅಜ್ಜಿಯರು, ಅವರ ಮನೆಯವರು ಯಾರಾದರೂ ಇದ್ದರೆ ಹೇಳಿ, ನೀವೆಲ್ಲ ಏನು ಮಾಡ್ತೀರಿ?

ಶಿರಾದಿಂದ:

ಅಕ್ಕಾ, ನನಗೆ ನಿಮಗಿಂತ ಮೂರು ವರ್ಷ ಜಾಸ್ತಿ. ಆದರೂ ಅಕ್ಕ ಅಂತಲೇ ಕರೀತೀನಿ, ಎರಡು ಪುಸ್ತಕ ಬರೆದಿದ್ದೀರಲ್ಲ. ನಾನೂ ಮೊದಲೆರಡು ವರ್ಷ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನೋಡಿದೆ. ನಾನು ಎದ್ದ ಸದ್ದಿಗೆ ಚಿಕ್ಕವನೂ ಎದ್ದು ‘ಹಾಲು’ ಅಂದ. ಅಲ್ಲಿಗೆ ಮುಗೀತು. ಆಮೇಲೆ ರೂಮಿನ ಬಾಗಿಲು ಹಾಕಿಕೊಂಡು ಕೂತೆ. ಹೊರಗೆ ಮಕ್ಕಳು ಪಿಸಪಿಸ ಅನ್ನುತ್ತಿದ್ದರೆ ಯಾವ ಅಜ್ಜಿಗೆ ಪೆನ್ನು ಓಡುತ್ತೆ?

ಈಗ ರಜೆಯಲ್ಲಿ ಬರೆಯೋದೇ ಇಲ್ಲ. ಕೂಡಿಡುತ್ತೇನೆ, ಅಷ್ಟೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ ದಿನಕ್ಕೆ ಒಂದು ಸಾಲು. ಒಂದು ವರ್ಷ ಮಕ್ಕಳನ್ನು ಕಗ್ಗಲಡುಗೆ ಕರಕೊಂಡು ಹೋಗಿದ್ದೆ, ನಮ್ಮ ತಾಲ್ಲೂಕೇ. ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಹಕ್ಕಿಗಳು ಇರುವಷ್ಟು ದಿನ ಊರವರು ಆ ಮರಗಳ ಹುಣಸೆ ಬಡಿಯೋದಿಲ್ಲ. ಇದನ್ನು ಹೇಳಿದರೆ ಎರಡನೇ ಕ್ಲಾಸಿನ ಮೊಮ್ಮಗ, ‘ಹಂಗಾದ್ರೆ ಈ ಊರೋರು ಸಾರಿಗೆ ಹುಳಿ ಏನು ಹಾಕ್ತಾರೆ ಅಜ್ಜಿ?’ ಅಂದ. ರಾತ್ರಿ ಕ್ಯಾಲೆಂಡರಿನಲ್ಲಿ ‘ಸಾರಿಗೆ ಹುಳಿ’ ಅಂತ ಎರಡೇ ಪದ ಬರೆದೆ. ಜೂನ್‌ನಲ್ಲಿ ಮನೆ ಖಾಲಿಯಾದ ಮೇಲೆ ಅದೇ ಹನ್ನೆರಡು ಪುಟದ ಕಥೆಯಾಯ್ತು. ಮನೆಯಲ್ಲೇ ಕೂತು ಬರೆದಿದ್ದರೆ, ಹಕ್ಕಿಗಳನ್ನು ಪ್ರೀತಿಸಿ ಮಕ್ಕಳೇ ಅಂತ ಉಪದೇಶ ಮಾಡಿರುತ್ತಿದ್ದೆ. ಟೀಚರುಗಳಿಗೆ ಈ ರೋಗ ಇರುತ್ತೆ. ಬೇಜಾರಾಗಬೇಡಿ, ನಾನೂ ಟೀಚರೇ.

ಬಸ್ಸಿನ ಖರ್ಚಿಗೂ ಹೆದರಬೇಡಿ. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ನಮಗೆ ದುಡ್ಡಿಲ್ಲ. ಹೆಣ್ಣುಮಕ್ಕಳೆಲ್ಲ ಪುಕ್ಕಟೆ, ನಮ್ಮ ಹುಡುಗನಿಗೆ ಮಾತ್ರ ಅರ್ಧ ಟಿಕೆಟ್. ಅದೂ ಕ್ಯಾಲೆಂಡರಿನಲ್ಲಿದೆ. ಇನ್ನೂ ಕಥೆ ಆಗಿಲ್ಲ.

ತಿಪಟೂರಿನಿಂದ:

‘ಈ ವಯಸ್ಸಲ್ಲಿ’ ಅನ್ನುವವರಿಗೆ: ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ, ಮೊದಲ ಕಾದಂಬರಿ ಬಂದದ್ದು 1963ರಲ್ಲಿ. ಲೆಕ್ಕ ಅವರೇ ಹಾಕಿಕೊಳ್ಳಲಿ. ಕರ್ನಾಟಕ ಲೇಖಕಿಯರ ಸಂಘದ ಶಾಖೆ ನಿಮ್ಮ ತುಮಕೂರಿನಲ್ಲೇ ಇದೆ, ಒಮ್ಮೆ ಹೋಗಿ ಬನ್ನಿ. ಮನೆಯಲ್ಲಿ ಕೇಳದಿದ್ದರೆ ಅಲ್ಲಿ ಕೇಳುತ್ತಾರೆ.

ಕೋಲಾರದಿಂದ:

ಅಮ್ಮಾ, ನಾನು ಬರೆಯುವವಳಲ್ಲ, ಬರೆಯುವ ಅತ್ತೆಯ ಸೊಸೆ. ಒಂದು ಬೇಸಿಗೆಯಲ್ಲಿ ಮನೆಯ ಜಗಳವನ್ನು ನಮ್ಮತ್ತೆ ಹಾಗೇ ಕಥೆ ಮಾಡಿಬಿಟ್ಟರು. ಹೆಸರು ಬದಲಾಯಿಸಿದ್ದರು, ನಿಜ. ಆದರೆ ಹೂರಣ ನೀರು ಮಾಡಿದ ಸೊಸೆ ಯಾರು ಅಂತ ನೆಂಟರಿಗೆಲ್ಲ ಗೊತ್ತಾಯ್ತು. ನಾನು ಎರಡು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಈಗ ನಮ್ಮಲ್ಲಿ ಒಂದು ಒಪ್ಪಂದ ಇದೆ. ಅಚ್ಚಿಗೆ ಹೋಗುವ ಮುಂಚೆ ನಾನು ಓದುತ್ತೇನೆ. ಬದಲಿಗೆ ಮಧ್ಯಾಹ್ನ 2ರಿಂದ 4ರವರೆಗೆ ಅವರನ್ನು ಯಾರೂ ಕರೆಯೋ ಹಾಗಿಲ್ಲ, ಮನೆಗೆ ಯಾರೇ ಬಂದಿರಲಿ.

ಒಂದು ಮಾತು ಕೇಳಲಾ? ಐದು ಮಕ್ಕಳ ತಿಂಡಿ, ಊಟ, ಸಂಜೆಯ ಕುರುಕಲು ಎಲ್ಲ ನೀವೊಬ್ಬರೇ ಮಾಡ್ತೀರಾ? ನಿಮ್ಮ ಮಗ, ಸೊಸೆ, ಮಗಳು, ಅಳಿಯ ಆಗ ಎಲ್ಲಿರುತ್ತಾರೆ? ನೀವು ಅದನ್ನು ಬರೆದಿಲ್ಲ. ನಿಮ್ಮ ಪುಸ್ತಕ ನಿಂತಿರೋದು ಮೊಮ್ಮಕ್ಕಳಿಂದ ಅಂತ ನನಗಂತೂ ಅನ್ನಿಸಲಿಲ್ಲ.

ಚಿಕ್ಕಬಳ್ಳಾಪುರದಿಂದ:

ಕೈ ನೋವಿದ್ದರೆ ಫೋನಿಗೆ ಹೇಳಿ ಬರೆಸಿ. ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅಕ್ಷರ ಮೂಡುತ್ತೆ. ಆದರೆ ನಮ್ಮ ಕಡೆಯ ತೆಲುಗು ಬೆರೆತ ಮಾತು ಅದಕ್ಕೆ ಹಿಡಿಸಲ್ಲ. ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಮೆಟ್ಟಿಲ ಮೇಲೆ ಕೂತು ‘ಕಲ್ಯಾಣಿ ತುಂಬಾ ತಣ್ಣಗಿತ್ತು’ ಅಂದೆ. ಬಂದದ್ದು ‘ಕಲ್ಯಾಣಿ ತುಂಬಾ ಸಣ್ಣಗಿದ್ದಳು’. ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಈಗ ತಿದ್ದುವ ಕೆಲಸ ಅವಳದೇ, ಪುಟಕ್ಕೆ ಐದು ರೂಪಾಯಿ. ಒಂದು ರಜೆಯಲ್ಲಿ ಒತ್ತಕ್ಷರ ಎಲ್ಲ ಬಂತು. ಇಂಗ್ಲಿಷ್ ಶಾಲೆಯ ಹುಡುಗಿ!

ಮಧುಗಿರಿಯಿಂದ:

ಅಚ್ಚಿನ ಕೆಲಸ ಗೊತ್ತಿರುವವನು ನಾನು. ಮೊಮ್ಮಕ್ಕಳ ಕೈಲಿ ಚಿತ್ರ ಬರೆಸಿ ಪುಸ್ತಕಕ್ಕೆ ಹಾಕುವ ಆಸೆ ಇದ್ದರೆ ಈ ರಜೆಯಲ್ಲೇ ಬರೆಸಿಬಿಡಿ. ಬಿಳಿ ಹಾಳೆ, ಕಪ್ಪು ಪೆನ್ನು. ಪೆನ್ಸಿಲ್ ಗೆರೆ ಅಚ್ಚಿನಲ್ಲಿ ಮಂಕಾಗುತ್ತೆ, ಗೆರೆ ಹಾಕಿದ ನೋಟ್‌ಬುಕ್ ಹಾಳೆಯಂತೂ ಬೇಡವೇ ಬೇಡ. ಅಚ್ಚಿನಲ್ಲಿ 16 ಪುಟ ಸೇರಿದರೆ ಒಂದು ಫಾರಂ, ಪುಟಗಳು ಆ ಲೆಕ್ಕಕ್ಕೆ ಹೊಂದಿದರೆ ಒಳ್ಳೆಯದು. 96 ಪುಟಕ್ಕೆ ಆರು ಫಾರಂ ಸಾಕು. 99 ಆದರೆ ಆ ಮೂರು ಪುಟಕ್ಕೆ ಸುಮ್ನೆ ಖರ್ಚು.

ಕೇಳಿದವಳು ಮತ್ತೆ ಬಂದಿದ್ದೇನೆ:

ಎಲ್ಲರದ್ದೂ ಓದಿದೆ, ಕೋಲಾರದ ಸೊಸೆಯದನ್ನು ಮೂರು ಸಲ. ಹೌದಮ್ಮ, ಒಬ್ಬಳೇ ಮಾಡುತ್ತಿದ್ದೆ. ಯಾರೂ ಮಾಡು ಅಂದಿರಲಿಲ್ಲ, ನಾನೇ ಬಿಟ್ಟುಕೊಟ್ಟಿರಲಿಲ್ಲ. ನಿನ್ನೆ ಮಗನಿಗೆ ಫೋನ್ ಮಾಡಿ ಹೇಳಿದೆ: ಈ ಸಲ ಮಕ್ಕಳ ಜೊತೆ ನೀವೂ ಸರದಿ ಮೇಲೆ ಬಂದು ಇರಬೇಕು, ಮಧ್ಯಾಹ್ನ ಎರಡು ಗಂಟೆ ನನ್ನದು, ರಾತ್ರಿ ಚಪಾತಿ ನಿಮ್ಮದು. ಸ್ವಲ್ಪ ಹೊತ್ತು ಸುಮ್ಮನಿದ್ದು ‘ಹೂಂ’ ಅಂದ. ತಿದ್ದುವ ಕೆಲಸದ ವಿಷಯವನ್ನೂ ಹೇಳಿದ್ದೆ. ಹಿಂದಿನಿಂದ ದೊಡ್ಡ ಮೊಮ್ಮಗಳ ದನಿ ಕೇಳಿಸಿತು: ‘ಐದು ರೂಪಾಯಿಗೆ ಆಗಲ್ಲ ಅಂತ ಹೇಳಪ್ಪಾ, ಹತ್ತು.’