ಕೆಲಸ ಮುಗಿದರೂ ತಲೆಯಲ್ಲಿ ಓಡುತ್ತಲೇ ಇರುತ್ತದೆ, ವ್ಯಾಯಾಮದಿಂದ ಕಡಿಮೆ ಆಗುತ್ತದಾ?

ಲೆಕ್ಕದ_ಪುಸ್ತಕ:
ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಬ್ಯಾಂಕ್ ಕೆಲಸ, ವಯಸ್ಸು 38. ಮಾರ್ಚ್ ಲೆಕ್ಕ ಮುಗಿದು ತಿಂಗಳಾಯಿತು, ಆದರೂ ರಾತ್ರಿ ಮಲಗಿದ ತಕ್ಷಣ ಯಾವ ಎಂಟ್ರಿ ಬಿಟ್ಟುಹೋಯಿತೋ ಎಂದು ಎದೆ ಡವಡವ ಅನ್ನುತ್ತದೆ. ಮಗಳ ಮೇಲೆ ಸುಮ್ನೆ ರೇಗುತ್ತೇನೆ, ಆಮೇಲೆ ಬೇಜಾರಾಗುತ್ತದೆ. ನಮ್ಮನೆಯವರು ವ್ಯಾಯಾಮ ಮಾಡು ಅನ್ನುತ್ತಾರೆ. ಜನವರಿಯಲ್ಲಿ ಜಿಮ್ ಸೇರಿದ್ದೆ, ಬೆಳಿಗ್ಗೆ ಐದಕ್ಕೆ ಎದ್ದು ಒಂದು ಗಂಟೆ ಮಾಡಿ, ಬಂದು ತಿಂಡಿ ಡಬ್ಬಿ ಮುಗಿಸಿ ಬಸ್ ಹಿಡಿಯುವಷ್ಟರಲ್ಲಿ ಇನ್ನೂ ಸುಸ್ತು, ಮೂರು ವಾರಕ್ಕೆ ಬಿಟ್ಟೆ. ನಿಜಕ್ಕೂ ಟೆನ್ಷನ್ ಕಡಿಮೆ ಆದವರು ಇದ್ದೀರಾ? ಎಷ್ಟು ಮಾಡಿದಿರಿ, ಯಾವ ಹೊತ್ತಲ್ಲಿ?

ಕೆರೆಏರಿ:
ಮೇಡಂ, ಮೊದಲೇ ನಿದ್ದೆ ಕಡಿಮೆ, ಅದರಲ್ಲೂ ಒಂದು ಗಂಟೆ ಕತ್ತರಿಸಿ ಜಿಮ್‌ಗೆ ಹೋದರೆ ಸುಸ್ತಾಗದೆ ಇರುತ್ತದಾ. ನಾನು ಸಂಜೆ ಆಫೀಸ್ ಬಿಟ್ಟವನು ಸೀದಾ ಕುಕ್ಕರಹಳ್ಳಿ ಕೆರೆಗೆ ಹೋಗುತ್ತೇನೆ, ಶೂ ಗಾಡಿಯ ಡಿಕ್ಕಿಯಲ್ಲೇ ಇರುತ್ತದೆ. ಮನೆಗೆ ಹೋಗಿ ಕೂತರೆ ಮತ್ತೆ ಏಳುವುದಿಲ್ಲ. ಮೊದಲ ಹತ್ತು ನಿಮಿಷ ತಲೆತುಂಬ ಆಫೀಸೇ, ಮ್ಯಾನೇಜರ್ ಅಂದಿದ್ದಕ್ಕೆ ಒಳಗೊಳಗೇ ಉತ್ತರ ಕೊಡುತ್ತಿರುತ್ತೇನೆ. ಏರಿ ಮೇಲೆ ಅರ್ಧ ದಾರಿ ಬರುವ ಹೊತ್ತಿಗೆ ಹೆಜ್ಜಾರ್ಲೆ ಹಕ್ಕಿಗಳು ಎಲ್ಲಿ ಕೂತಿವೆ ಎಂದು ಹುಡುಕುತ್ತಿರುತ್ತೇನೆ. ರಾತ್ರಿ ನಿದ್ದೆ ಸರಿಯಾಗಲು ನನಗೆ ಸುಮಾರು ಒಂದು ತಿಂಗಳು ಬೇಕಾಯಿತು. ಫೋನ್ ಸೈಲೆಂಟ್‌ನಲ್ಲಿ ಇಡಿ, ಇದು ಮರೆಯಬೇಡಿ.

ಪಿಟಿ_ಮೇಷ್ಟ್ರು:
ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ. ದಿನಕ್ಕೆ ಅರ್ಧ ಗಂಟೆ, ಐದು ದಿನ ನಡೆದರೆ 150 ಆಯಿತಲ್ವಾ. ಮುಂಚೆ ಒಂದು ಸಲಕ್ಕೆ ಕನಿಷ್ಠ 10 ನಿಮಿಷ ಇರಬೇಕು ಅನ್ನುತ್ತಿದ್ದರು, ಆ ಷರತ್ತನ್ನೂ ತೆಗೆದಿದ್ದಾರೆ, ಹಾಗಾಗಿ ಎರಡು ಸ್ಟಾಪ್ ಮುಂಚೆ ಇಳಿದು ನಡೆದದ್ದೂ ಲೆಕ್ಕಕ್ಕೆ ಬರುತ್ತದೆ. ಬಿರುಸು ಎಷ್ಟಿರಬೇಕು ಅಂದರೆ, ನಡೆಯುತ್ತಾ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಟೆನ್ಷನ್ ಆದಾಗ ಅಡ್ರಿನಲಿನ್ ಏರಿ ಎದೆಬಡಿತ ಜಾಸ್ತಿಯಾಗುತ್ತದೆ, ಕುತ್ತಿಗೆ ಭುಜ ಬಿಗಿಯಾಗುತ್ತವೆ, ಮೈ ಓಡಲು ತಯಾರಾಗಿರುತ್ತದೆ, ನಾವು ಕುರ್ಚಿ ಬಿಟ್ಟು ಏಳುವುದಿಲ್ಲ. ಕೈಕಾಲು ಆಡಿಸಿದರೆ ಆ ಬಿಗಿತ ಸಡಿಲವಾಗುತ್ತದೆ. ಮಲಗುವ ಹೊತ್ತಿಗೆ ಜೋರು ವ್ಯಾಯಾಮ ಬೇಡ. ಉತ್ಸಾಹದಲ್ಲಿ ಮೊದಲ ವಾರವೇ ಚಾಮುಂಡಿ ಬೆಟ್ಟದ 1008 ಮೆಟ್ಟಿಲು ಹತ್ತಲು ಹೋಗಬೇಡಿ, ಮಂಡಿ ನೋವು ಬಂದರೆ ಇದನ್ನೂ ಬಿಟ್ಟುಬಿಡುತ್ತೀರಿ.

ಹೊಂಗೆ_ನೆರಳು:
ಅಕ್ಕ, ನಾನು ಏಳು ತಿಂಗಳು ದಿನಾ ನಡೆದೆ. ಸ್ವಲ್ಪ ಹಗುರ ಆಯಿತು, ಆದರೆ ಬೆಳಿಗ್ಗೆ ಏಳಲೇ ಮನಸ್ಸಿಲ್ಲ, ಊಟ ಸೇರುತ್ತಿರಲಿಲ್ಲ. ಡಾಕ್ಟರ್ ಹತ್ತಿರ ಹೋದ ಮೇಲೆ ಖಿನ್ನತೆ ಎಂದು ಗೊತ್ತಾಯಿತು. ಈಗ ಮಾತ್ರೆಯೂ ಇದೆ, ನಡಿಗೆಯೂ ಇದೆ, ಎರಡೂ ಬೇಕಾಗಿತ್ತು. ನಿಮಗೆ ತಿಂಗಳಿಂದ ಹೀಗಿದೆ ಅನ್ನುತ್ತೀರಿ, ಒಮ್ಮೆ ತೋರಿಸಿ, ಬಿಪಿ ಥೈರಾಯ್ಡ್ ಕೂಡ ನೋಡಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಎದೆನೋವು, ಉಸಿರು ಕಟ್ಟುವುದು ಇದ್ದರೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ.

ಲೆಕ್ಕದ_ಪುಸ್ತಕ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶನಿವಾರಕ್ಕೆ ಡಾಕ್ಟರ್ ಅಪಾಯಿಂಟ್‌ಮೆಂಟ್ ತಗೊಂಡೆ. ನಾಳೆ ಮಗಳಿಗೆ ಟ್ಯೂಷನ್ ಇಲ್ಲ, ಅವಳನ್ನೂ ಕರೆದುಕೊಂಡು ಕೆರೆಗೆ ಬರುತ್ತೇನೆ. ಕೆರೆಏರಿ ಸರ್, ಸಂಜೆ ಗೇಟ್ ಎಷ್ಟು ಹೊತ್ತಿಗೆ ಮುಚ್ಚುತ್ತಾರೆ?