ಪದ ಬೇಕು (ಅವಸರ): ಮದ್ದಿಗೆ ಬಗ್ಗದ ಎದೆನೋವಿಗೆ ಹಾಕುವ ‘ರೆಡ್ಯೂಸರ್’

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪ ಲಂಡನ್ನಿನಲ್ಲಿ ಮಗನ ಮನೆಯಲ್ಲಿದ್ದಾರೆ. ಬೈಪಾಸ್ ಆಗಿದೆ, ಎರಡು ಸ್ಟೆಂಟ್ ಇವೆ, ಮಾತ್ರೆಗೆ ಲೆಕ್ಕವಿಲ್ಲ. ಆದರೂ ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಹಿಡಿದುಕೊಳ್ಳುತ್ತದೆ. ಈಗ ಡಾಕ್ಟರು ‘ಕರೋನರಿ ಸೈನಸ್ ರೆಡ್ಯೂಸರ್’ ಹಾಕೋಣ ಎಂದಿದ್ದಾರೆ. ಸೋಮವಾರ ಒಪ್ಪಿಗೆ ಪತ್ರಕ್ಕೆ ಸಹಿ. ದೊಡ್ಡಪ್ಪ ಓದುವುದು ಕನ್ನಡ ಮಾತ್ರ. ಒಂದು ಪುಟ ಬರೆದು ಕಳಿಸಬೇಕು.

ಅದೊಂದು ಸ್ಟೀಲ್ ಜಾಲರಿ. ಎರಡೂ ತುದಿ ಅಗಲ, ನಡು ಸಣ್ಣ, ಸುಮಾರು 3 ಮಿಲಿಮೀಟರ್. ಕತ್ತಿನ ರಕ್ತನಾಳದಿಂದ ಇಳಿಸಿ, ಹೃದಯದ ಮಾಂಸಕ್ಕೆ ಉಣಿಸಿದ ರಕ್ತ ವಾಪಸ್ ಬರುವ ನಾಳದಲ್ಲಿ ಬಲೂನಿನಿಂದ ಅರಳಿಸುತ್ತಾರೆ. ಕೆಲವು ವಾರಗಳಲ್ಲಿ ಜಾಲರಿಯ ಮೇಲೆ ಪದರ ಬೆಳೆದು ದಾರಿ ಕಿರಿದಾಗುತ್ತದೆ. ಆಗ ಹಿಂದೆ ಒತ್ತಡ ಏರಿ, ರಕ್ತ ಸಾಲದ ಜಾಗಕ್ಕೂ ಹರಿಯುತ್ತದೆ ಅನ್ನುವುದು ಲೆಕ್ಕಾಚಾರ.

‘ರೆಡ್ಯೂಸರ್’ಗೆ ಏನನ್ನೋಣ? ‘ಇಂಪ್ಲಾಂಟ್’ಗೆ? ಇವತ್ತೇ ಬೇಕು.

ಮೈಸೂರಿನಿಂದ:
ಹೃತ್ಸಿರಾ ಸಂಕೋಚಕ. ಇಂಪ್ಲಾಂಟ್‌ಗೆ ಕಸಿ. ಇದರಲ್ಲಿ ಚರ್ಚೆಗೆ ಏನಿದೆ?

ಶಿವಮೊಗ್ಗದಿಂದ:
ಹೃತ್ಸಿರಾ! ಓದುವಾಗಲೇ ನಾಲಿಗೆ ಉಳುಕುತ್ತದೆ. ಸಂಕೋಚ ಅಂದರೆ ನಮ್ಮ ಜನಕ್ಕೆ ನಾಚಿಕೆ. ಕನ್ನಡದ್ದೇ ಗುಂಡಿಗೆ ಇದೆ, ಕುಗ್ಗು ಇದೆ. ‘ಗುಂಡಿಗೆ ಕುಗ್ಗುಕ’ ಅನ್ನಿ. ಕೆಡುಕ, ತಿರುಕ ಇಲ್ಲವೇ, ಹಾಗೆ.

ಧಾರವಾಡದಿಂದ:
ಕುಗ್ಗುಕ ಅಂದರೆ ತಾನೇ ಕುಗ್ಗುವುದು. ಪ್ರೇರಣಾರ್ಥಕ ಬೇಡವೇ? ಅದಿರಲಿ. ‘ಗಟ್ಟಿ ಗುಂಡಿಗೆ’ ಎಂದಾಗ ಯಾರಿಗಾದರೂ ಮಾಂಸದ ಹೃದಯ ನೆನಪಾಗುತ್ತದೆಯೇ? ಗುಂಡಿಗೆ ಕುಗ್ಗಿಸಿದರೆ ಹೋಗುವುದು ಧೈರ್ಯ. ಪಾಪ, ಆ ಹಿರಿಯರಿಗೆ ಅದೊಂದು ಬಾಕಿ.

‘ಕಸಿ’ ಇನ್ನೂ ಅಪಾಯ. ಕಸಿ ಮಾವಿನ ಗಿಡಕ್ಕೆ ಮಾಡುವುದು, ಜೀವದ ಜೊತೆ ಜೀವ ಕೂಡಿಸುವುದು. ಆಸ್ಪತ್ರೆಯಲ್ಲಿ ಮೂತ್ರಪಿಂಡದ ಕಸಿ, ಹೃದಯದ ಕಸಿ. ಎದೆಯ ವಿಷಯದಲ್ಲಿ ‘ಕಸಿ’ ಓದಿದರೆ ದೊಡ್ಡಪ್ಪ ‘ನನ್ನ ಹೃದಯ ತೆಗೆದು ಬೇರೆಯವರದ್ದು ಇಡುತ್ತಾರಂತೆ’ ಎಂದು ಎದ್ದು ಬರುತ್ತಾರೆ. ಸ್ಟೀಲಿಗೆ ‘ಅಳವಡಿಸು’ ಸಾಕು.

ಅದಕ್ಕಿಂತ ಮುಖ್ಯ, ಹೆಸರಿನ ಮೊದಲ ಎರಡು ಪದ ನೋಡಿ. ಕರೋನರಿ ಎಂದರೆ ಅವರಿಗೆ ಕೊರೋನಾ. ಸೈನಸ್ ಎಂದರೆ ಮೂಗು. ಲ್ಯಾಟಿನ್‌ನಲ್ಲಿ ಒಂದು ಕಿರೀಟ, ಇನ್ನೊಂದು ಬಾಗು ಅಥವಾ ಕೊಲ್ಲಿ. ಆದರೆ ಅವರು ಲ್ಯಾಟಿನ್ ಓದಿಲ್ಲವಲ್ಲ! ಎದೆನೋವಿಗೆ ಮೂಗಿನಲ್ಲಿ ಏನೋ ಇಡುತ್ತಾರೆ ಅಂದುಕೊಳ್ಳುತ್ತಾರೆ.

ಬೆಂಗಳೂರಿನಿಂದ:
ಸುಮ್ನೆ ರೆಡ್ಯೂಸರ್ ಅಂತಲೇ ಬಿಡಿ. ಸ್ಟೆಂಟ್ ಯಾವ ಕನ್ನಡ? ಚಾರ್ಲ್ಸ್ ಸ್ಟೆಂಟ್ ಅನ್ನುವ ಇಂಗ್ಲಿಷ್ ಹಲ್ಲಿನ ಡಾಕ್ಟರ ಹೆಸರು ಅದು. ಅದನ್ನು ನುಂಗಿದ್ದೇವೆ, ಇದು ಮಾತ್ರ ಗಂಟಲಿಗೆ ಸಿಕ್ಕಿಕೊಂಡಿತೇ?

ಶಿವಮೊಗ್ಗದಿಂದ:
ಹಾಗಾದರೆ ಇಡೀ ಪುಟ ಇಂಗ್ಲಿಷಿನಲ್ಲೇ ಕೊಡಿ. ಕನ್ನಡದ ಹಂಗೇ ಬೇಡ. ‘ನೋವಿಳಿಕ’ ಅಂದರೆ ಯಾರಿಗೆ ತಿಳಿಯುವುದಿಲ್ಲ?

ಧಾರವಾಡದಿಂದ:
ತಿಳಿಯುತ್ತದೆ, ತಪ್ಪಾಗಿ. ರೆಡ್ಯೂಸರ್ ಕಿರಿದು ಮಾಡುವುದು ನಾಳವನ್ನು. ನೋವು ಇಳಿಯುವುದು ಆಮೇಲಿನ ಮಾತು. 2024ರಲ್ಲಿ ಪ್ರಕಟವಾದ ಬ್ರಿಟನ್ನಿನ ಆರ್ಬಿಟಾ-ಕಾಸ್ಮಿಕ್ ಪರೀಕ್ಷೆಯಲ್ಲಿ 51 ಜನ ಇದ್ದರು, ಸುಮಾರು ಅರ್ಧ ಜನಕ್ಕೆ ಬರೀ ತೋರಿಕೆಯ ಚಿಕಿತ್ಸೆ. ಸಾಧನ ಹಾಕಿಸಿಕೊಂಡವರಿಗೆ ನೋವು ಬರುವುದು ಕಡಿಮೆಯಾಯಿತು. ಆದರೆ ಹೃದಯದ ಮಾಂಸಕ್ಕೆ ರಕ್ತ ಜಾಸ್ತಿಯಾದದ್ದು ಸ್ಕ್ಯಾನಿನಲ್ಲಿ ಕಾಣಲಿಲ್ಲ. ಸಹಿ ಹಾಕಿಸುವ ಕಾಗದದಲ್ಲಿ ಹೆಸರೇ ಮಾತು ಕೊಟ್ಟುಬಿಡಬಾರದು.

ಮೈಸೂರಿನಿಂದ:
ಸಂಸ್ಕೃತ ಬೇಡ, ಇಂಗ್ಲಿಷ್ ಬೇಡ, ಈಗ ಕನ್ನಡವೂ ಬೇಡ. ಭೇಷ್.

ಕೇಳಿದವಳು:
ಎಲ್ಲರಿಗೂ ಥ್ಯಾಂಕ್ಸ್. ಪುಟ ಕಳಿಸಿದೆ. ‘ಹೃದಯದಿಂದ ರಕ್ತ ವಾಪಸ್ ಬರುವ ನಾಳದಲ್ಲಿ ಬುಡುಬುಡಿಕೆ ಆಕಾರದ ಒಂದು ಜಾಲರಿ ಅಳವಡಿಸುತ್ತಾರೆ. ಡಾಕ್ಟರು ಇದನ್ನು ರೆಡ್ಯೂಸರ್ ಎನ್ನುತ್ತಾರೆ’ ಎಂದು ಬರೆದೆ. ಫೋನಿನಲ್ಲಿ ಓದಿ ಹೇಳಿದಾಗ ದೊಡ್ಡಪ್ಪ ಕೇಳಿದ್ದು ಇಷ್ಟೇ: ‘ಕೆರೆ ತೂಬಿಗೆ ಕಲ್ಲು ಅಡ್ಡ ಇಟ್ಟು ನೀರು ನಿಲ್ಲಿಸ್ತಾರಲ್ಲ, ಹಾಗೇನಮ್ಮಾ?’ ಹೌದು ಅಂದೆ.

ಶಿವಮೊಗ್ಗದಿಂದ:
ತೂಬು! ಮೊದಲೇ ಹೇಳಬಾರದಿತ್ತೇ? ‘ಕಿರುತೂಬು’. ಮುಗಿಯಿತು.

ಮೈಸೂರಿನಿಂದ:
ಮುಗಿದಿಲ್ಲ. ಬುಡುಬುಡಿಕೆಯೋ ಬುಡಬುಡಿಕೆಯೋ?